ಹಿಡಿಯುವ ಕೈ, ಬಿಡುವ ಕೈ

2025ರ ಜನವರಿ 17, ಶುಕ್ರವಾರ ಮಧ್ಯಾಹ್ನ. ತಲಪಾಡಿ ಹತ್ತಿರದ ಕೆ.ಸಿ. ರೋಡಿನಲ್ಲಿರುವ ಕೋಟೆಕಾರು ವ್ಯವಸಾಯ ಸೇವಾ ಸಹಕಾರಿ ಸಂಘದ ಶಾಖೆಗೆ ಮುಸುಕು ಹಾಕಿದ ತಂಡವೊಂದು ಆಯುಧ ಹಿಡಿದು ನುಗ್ಗಿತು. ಸಿಬ್ಬಂದಿಯನ್ನು ಬೆದರಿಸಿ, ಜನ ಅಡವಿಟ್ಟಿದ್ದ ಚಿನ್ನವನ್ನು ಚೀಲಕ್ಕೆ ತುಂಬಿಕೊಂಡು ಹೊರಟೇಹೋಯಿತು. ಅಂದು ಮುಖ್ಯಮಂತ್ರಿಗಳು ಮಂಗಳೂರಿನಲ್ಲೇ ಇದ್ದರು, ಪೊಲೀಸರ ದಂಡೆಲ್ಲ ಅತ್ತ ಇತ್ತು. ಸಂಘದ ಸಿಸಿಟಿವಿ ದುರಸ್ತಿಯಲ್ಲಿತ್ತು. ಕಳ್ಳರ ಕಾರು ಕಂಡದ್ದು ಸಂಘದ ಕ್ಯಾಮರಾದಲ್ಲಲ್ಲ, ತಲಪಾಡಿ ಟೋಲ್‌ಗೇಟಿನ ಕ್ಯಾಮರಾದಲ್ಲಿ. ನಂಬರ್ ಪ್ಲೇಟು ನಕಲಿ. ಮೂರು ದಿನ ಕಳೆದ ಮೇಲೆ ಆರೋಪಿಗಳು ಸಿಕ್ಕಿದ್ದು ತಮಿಳುನಾಡಿನ ತಿರುನೆಲ್ವೇಲಿ ಕಡೆ. ಸುಮಾರು 18 ಕಿಲೋ ಚಿನ್ನ ವಾಪಸು ಬಂತು.

ಕೆ.ಸಿ. ರೋಡಿನಿಂದ ಕೇರಳದ ಹೊಸಂಗಡಿಗೆ ಈಗಿನ ಹೆದ್ದಾರಿಯಲ್ಲಿ ಎಷ್ಟು ಹೊತ್ತು? ರೈಲ್ವೆ ಗೇಟು ಬಿದ್ದಾಗ ಕಾಯುವುದಕ್ಕಿಂತ ಕಡಿಮೆ. ಈ ದಾರಿಯಲ್ಲಿ ಕಳ್ಳತನದ ಸಂಚಾರ ಎರಡು ಕಡೆಗೂ ಇದೆ. 2021ರ ಜುಲೈಯಲ್ಲಿ ಹೊಸಂಗಡಿ ಪೇಟೆಯ ಒಂದು ಆಭರಣದಂಗಡಿಯ ಕಾವಲುಗಾರನನ್ನು ಕಟ್ಟಿಹಾಕಿ ಬೆಳ್ಳಿ ಸಾಮಾನು, ನಗದು ದೋಚಿದ ತಂಡ ಓಡಿದ್ದು ಉತ್ತರಕ್ಕೆ. ಅವರ ಕಾರು ಸಿಕ್ಕಿದ್ದು ಗಡಿಯಾಚೆ ಉಳ್ಳಾಲದ ಕಡೆ, ಕರ್ನಾಟಕ ಪೊಲೀಸರ ಕೈಗೆ. ಅಂದರೆ ಕಳ್ಳರ ಲೆಕ್ಕದಲ್ಲಿ ಉಪ್ಪಳ, ಹೊಸಂಗಡಿ, ತಲಪಾಡಿ, ತೊಕ್ಕೊಟ್ಟು ಎಲ್ಲ ಒಂದೇ ಪೇಟೆ. ಎರಡು ಸರಕಾರ, ಎರಡು ಪೊಲೀಸ್ ಇಲಾಖೆ, ಎರಡು ಹೈಕೋರ್ಟು ಇರುವುದು ನಮಗೆ ಮಾತ್ರ.

ಈ ಎರಡೂ ಪ್ರಕರಣಗಳಲ್ಲಿ ಪೊಲೀಸರಿಗೆ ಒಂದು ಅನುಕೂಲವಿತ್ತು. ಚಿನ್ನ ಬೆಳ್ಳಿಗೆ ತೂಕವಿದೆ, ಕಾರಿಗೆ ರಸ್ತೆ ಬೇಕು, ರಸ್ತೆಯಲ್ಲಿ ಟೋಲ್‌ಗೇಟಿದೆ. ಟೋಲ್ ನಡೆಸುವ ಖಾಸಗಿ ಕಂಪೆನಿಯ ಕ್ಯಾಮರಾ, ದಾರಿಬದಿಯ ಪೆಟ್ರೋಲ್ ಪಂಪಿನ ಕ್ಯಾಮರಾ, ಮೊಬೈಲ್ ಕಂಪೆನಿಯ ಟವರಿನ ದಾಖಲೆ ಇವನ್ನೆಲ್ಲ ಜೋಡಿಸಿಕೊಂಡು ಹೋದರೆ ಎಲ್ಲಾದರೂ ಒಂದು ಕಡೆ ಆಸಾಮಿ ಸಿಗುತ್ತಾನೆ. ಇವುಗಳಲ್ಲಿ ಯಾವುದೂ ಪೊಲೀಸ್ ಇಲಾಖೆಯದ್ದಲ್ಲ ಎಂಬುದನ್ನು ಗಮನಿಸಿ. ಇಂದಿನ ತನಿಖೆಯ ಅರ್ಧ ಕೆಲಸ ಬೇರೆಯವರ ಬಾಗಿಲು ತಟ್ಟಿ ದಾಖಲೆ ಕೇಳುವುದೇ ಆಗಿದೆ.

ದುಡ್ಡು ಕಾರಿನಲ್ಲಿ ಹೋಗದೆ ಫೋನಿನಲ್ಲಿ ಹೋದರೆ?

ಕೋಟೆಕಾರಿನ ದರೋಡೆಗೆ ಎರಡು ವಾರ ಮೊದಲು, ಅದೇ ಜನವರಿಯ 3ರಂದು, ವಿಟ್ಲದ ಬೋಳಂತೂರಿನಲ್ಲಿ ಬೀಡಿ ಉದ್ಯಮಿಯೊಬ್ಬರ ಮನೆಗೆ ತಮಿಳುನಾಡು ನೋಂದಣಿಯ ಕಾರಿನಲ್ಲಿ ಬಂದವರು ತಾವು ಜಾರಿ ನಿರ್ದೇಶನಾಲಯದ (ಇ.ಡಿ.) ಅಧಿಕಾರಿಗಳೆಂದು ಹೇಳಿ, ಶೋಧ ನಡೆಸುವ ನಾಟಕವಾಡಿ, ಸುಮಾರು 30 ಲಕ್ಷ ರೂಪಾಯಿ ಒಯ್ದರು. ಮನೆಯವರ ಮೊಬೈಲುಗಳನ್ನೂ ಬಿಡಲಿಲ್ಲ. ಆಮೇಲೆ ಬಂಧಿತರಾದವರಲ್ಲಿ ಕೇರಳ ಪೊಲೀಸ್‌ನ ಒಬ್ಬ ಎಎಸ್‌ಐ ಕೂಡ ಇದ್ದ. ಇದೇ ನಾಟಕವನ್ನು ಕಾರಿಲ್ಲದೆ, ವಿಡಿಯೊ ಕಾಲ್‌ನಲ್ಲಿ ಆಡಿದರೆ ಅದಕ್ಕೆ ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರೆ. ಸಿಬಿಐ, ಇ.ಡಿ., ಕಸ್ಟಮ್ಸ್, ಮುಂಬೈ ಪೊಲೀಸ್ ಹೀಗೆ ಒಂದೊಂದು ದಿನ ಒಂದೊಂದು ವೇಷ. ಹಿಂದೆ ಲಾಂಛನ, ಮೇಜಿನ ಮೇಲೆ ಟೋಪಿ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಯಾರಿಗೂ ಹೇಳಬೇಡಿ, ಕ್ಯಾಮರಾ ಆಫ್ ಮಾಡಬೇಡಿ ಎಂಬ ಆಜ್ಞೆ. ನಮ್ಮ ದೇಶದ ಯಾವ ಕಾನೂನಿನಲ್ಲೂ ಇಂಥದೊಂದು ಬಂಧನವಿಲ್ಲ. ಪ್ರಧಾನಿಯವರೇ 2024ರ ಅಕ್ಟೋಬರಿನ ‘ಮನ್ ಕೀ ಬಾತ್’ನಲ್ಲಿ ಅದನ್ನು ಹೇಳಿದರು. ಆದರೂ ಬೆಂಗಳೂರಿನ 57 ವರ್ಷದ ಐಟಿ ಉದ್ಯೋಗಿಯೊಬ್ಬರು ತಿಂಗಳುಗಟ್ಟಲೆ ಇದೇ ಬಲೆಯಲ್ಲಿದ್ದು ಸುಮಾರು 31.83 ಕೋಟಿ ರೂಪಾಯಿ ಕಳೆದುಕೊಂಡ ಸುದ್ದಿ 2025ರ ನವೆಂಬರಿನಲ್ಲಿ ಹೊರಬಂತು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನಲ್ಲಿ ವೃದ್ಧ ದಂಪತಿ ಇದರಿಂದ ನೊಂದು ಪ್ರಾಣವನ್ನೇ ಕಳೆದುಕೊಂಡರು. ಓದು ಬರಹ ಇಲ್ಲದವರು ಮೋಸ ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಾನೂನಿಗೆ ಹೆದರಿ ಬದುಕಿದವರು, ಜೀವಮಾನದಲ್ಲಿ ಪೊಲೀಸ್ ಠಾಣೆ ಮೆಟ್ಟಿಲು ಹತ್ತದವರೇ ಈ ವಂಚಕರಿಗೆ ಹೆಚ್ಚು ಸಿಗುವುದು.

ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದ ಪ್ರಕಾರ 2024ರಲ್ಲಿ ಸೈಬರ್ ವಂಚನೆಯಿಂದ ಭಾರತೀಯರು ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ ಅದು 7,465 ಕೋಟಿ. ಒಂದೇ ವರ್ಷದಲ್ಲಿ ಮೂರು ಪಟ್ಟು.

ಇದನ್ನು ಹಿಡಿಯಬೇಕಾದವರು ಯಾರು? ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ರಾಜ್ಯಪಟ್ಟಿಯ ವಿಷಯ. ಕೇಂದ್ರದ ಸಿಬಿಐ ನಡೆಯುವುದು ಇವತ್ತಿಗೂ 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯ ಮೇಲೆ. ಅದರ 6ನೇ ಸೆಕ್ಷನ್ ಪ್ರಕಾರ ರಾಜ್ಯದ ಒಪ್ಪಿಗೆ ಇಲ್ಲದೆ ಸಿಬಿಐ ತಾನಾಗಿ ಆ ರಾಜ್ಯದೊಳಗೆ ಕೇಸು ಹಿಡಿಯುವಂತಿಲ್ಲ. ಹಿಂದೆ ಹೆಚ್ಚಿನ ಎಲ್ಲ ರಾಜ್ಯಗಳೂ ಸಾಮಾನ್ಯ ಒಪ್ಪಿಗೆ ಎಂದು ಒಂದು ಕಾಗದ ಕೊಟ್ಟುಬಿಡುತ್ತಿದ್ದವು. ಕೇರಳ ಅದನ್ನು 2020ರ ನವೆಂಬರಿನಲ್ಲಿ ಹಿಂಪಡೆಯಿತು. ಕರ್ನಾಟಕ 2024ರ ಸೆಪ್ಟೆಂಬರಿನಲ್ಲಿ ಹಿಂಪಡೆಯಿತು. ಹಾಗಾಗಿ ತಲಪಾಡಿಯ ಈಚೆಗೂ ಆಚೆಗೂ ಸಿಬಿಐ ಈಗ ಕರೆದರೆ ಮಾತ್ರ ಬರುವ ನೆಂಟ. ರಾಷ್ಟ್ರೀಯ ತನಿಖಾ ಸಂಸ್ಥೆಗೆ, ಅಂದರೆ ಎನ್ಐಎಗೆ, ಈ ತೊಡಕಿಲ್ಲ. ಮುಂಬೈ ದಾಳಿಯ ಬಳಿಕ 2008ರಲ್ಲಿ ಬಂದ ಅದರ ಕಾಯ್ದೆ ರಾಜ್ಯದ ಒಪ್ಪಿಗೆ ಕೇಳುವುದಿಲ್ಲ. ಆದರೆ ಭಯೋತ್ಪಾದನೆಯಂಥ ನಿಗದಿತ ಅಪರಾಧಗಳಿಗೆ ಮಾತ್ರ ಅದು. ನಿವೃತ್ತ ಮೇಷ್ಟ್ರ ಪಿಂಚಣಿ ಹಣಕ್ಕೆ ಎನ್ಐಎ ಬರುವುದಿಲ್ಲ.

ಒಪ್ಪಿಗೆ ಹಿಂಪಡೆದದ್ದು ತಪ್ಪೆಂದು ನಾನು ಹೇಳಲಾರೆ. ಕೇಂದ್ರ ಸಂಸ್ಥೆಗಳನ್ನು ರಾಜಕೀಯಕ್ಕೆ ಬಳಸುತ್ತಾರೆ ಎಂಬ ದೂರು ಯಾವ ಪಕ್ಷ ವಿರೋಧದಲ್ಲಿದ್ದರೂ ಕೇಳಿಬರುವುದೇ, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಮಂತ್ರಿಯ ಮನೆಗೆ ಸಿಬಿಐ ಬರಬಾರದೆಂದು ಹಾಕಿದ ಬೇಲಿ ಅಜ್ಜಿಯ ಎಫ್‌ಡಿ ಕದ್ದವನಿಗೂ ನೆರಳಾದರೆ ಅದು ಯೋಚಿಸಬೇಕಾದ ವಿಷಯ. ಸುಪ್ರೀಂ ಕೋರ್ಟ್ ಯೋಚಿಸಿತು. ಹರಿಯಾಣದ ಅಂಬಾಲದ ಹಿರಿಯ ದಂಪತಿ ಬರೆದ ಪತ್ರವನ್ನೇ ಅರ್ಜಿಯಾಗಿ ಎತ್ತಿಕೊಂಡು 2025ರ ಡಿಸೆಂಬರ್ 1ರಂದು ದೇಶದ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು. ಒಪ್ಪಿಗೆ ಹಿಂಪಡೆದ ರಾಜ್ಯಗಳು ಈ ಪ್ರಕರಣಗಳ ಮಟ್ಟಿಗಾದರೂ ಒಪ್ಪಿಗೆ ಕೊಡಬೇಕೆಂದಿತು. ಅಂತರ್ಜಾಲ ಕಂಪೆನಿಗಳು ಸಿಬಿಐಗೆ ಸಹಕರಿಸಬೇಕೆಂದಿತು. ಬಾಡಿಗೆ ಖಾತೆಗಳನ್ನು ಪತ್ತೆ ಮಾಡಲು ಯಂತ್ರಬುದ್ಧಿಯನ್ನು ಯಾಕೆ ಬಳಸಬಾರದು ಎಂದು ರಿಸರ್ವ್ ಬ್ಯಾಂಕನ್ನು ಕೇಳಿತು. ಒಂದೇ ಆದೇಶದಲ್ಲಿ ಕೇಂದ್ರದ ಪೊಲೀಸು, ರಾಜ್ಯ ಸರಕಾರ, ಬ್ಯಾಂಕು, ಟೆಕ್ ಕಂಪೆನಿ ಎಲ್ಲರ ಹೆಸರೂ ಬಂದದ್ದನ್ನು ನೋಡಿದರೆ ರೋಗ ಎಲ್ಲಿದೆ ಎಂಬುದು ಕೋರ್ಟಿಗೆ ಸರಿಯಾಗಿಯೇ ತಿಳಿದಿದೆ ಎನಿಸುತ್ತದೆ.

ಇನ್ನು ಹಣ ಹೋಗುವ ದಾರಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಹಣ ಹೋಯಿತೆಂದು ತಿಳಿದ ಕೂಡಲೇ ನೀವು 1930ಕ್ಕೆ ಕರೆ ಮಾಡುತ್ತೀರಿ. ಆ ನಂಬರ್ ದೇಶಕ್ಕೆಲ್ಲ ಒಂದೇ, ಕರೆ ಎತ್ತುವವರು ಮಾತ್ರ ಆಯಾ ರಾಜ್ಯದ ಪೊಲೀಸರು. ಅವರು ನಿಮ್ಮ ಕಷ್ಟಸುಖ ಕೇಳುತ್ತಾ ಕೂರುವುದಿಲ್ಲ. ಯಾವ ಬ್ಯಾಂಕು, ಯಾವ ಹೊತ್ತು, ಎಷ್ಟು ಹಣ, ಯುಟಿಆರ್ ನಂಬರ್ ಏನು ಎಂದು ಕೇಳುತ್ತಾರೆ. ಯುಪಿಐ ಪಾವತಿಯ ವಿವರ ತೆರೆದರೆ ಕಾಣುವ 12 ಅಂಕಿಯ ನಂಬರ್ ಅದು. ಗಾಬರಿಯಲ್ಲಿರುವವರಿಗೆ ಹನ್ನೆರಡು ಅಂಕಿ ಓದಿ ಹೇಳುವುದೇ ಒಂದು ಪರೀಕ್ಷೆ. ಆ ನಂಬರ್ ಕಂಪ್ಯೂಟರಿಗೆ ಬಿದ್ದ ಕೂಡಲೇ ನಿಮ್ಮ ಬ್ಯಾಂಕಿಗೆ ಒಂದು ಟಿಕೆಟ್ ಹೋಗುತ್ತದೆ. ಬ್ಯಾಂಕಿನವರು ನೋಡಿ, ಹಣ ಇಂಥ ಬ್ಯಾಂಕಿನ ಇಂಥ ಖಾತೆಗೆ ಹೋಗಿದೆ ಎಂದು ಬರೆದರೆ ಟಿಕೆಟ್ ಆ ಬ್ಯಾಂಕಿಗೆ ಓಡುತ್ತದೆ. ಅಲ್ಲಿ ಹಣ ಇನ್ನೂ ಇದ್ದರೆ ತಡೆ ಬೀಳುತ್ತದೆ. ಇಲ್ಲದಿದ್ದರೆ ಅದು ಅಲ್ಲಿಂದ ಒಡೆದು ಹೋದ ಐದಾರು ಖಾತೆಗಳ ಹಿಂದೆ ಟಿಕೆಟುಗಳೂ ಐದಾರಾಗಿ ಓಡುತ್ತವೆ. ಕಳ್ಳರು ಹಣವನ್ನು ಮುಂದೆ ಮುಂದೆ ದಾಟಿಸುತ್ತಾರೆ, ಟಿಕೆಟು ಹಿಂದೆ ಹಿಂದೆ ಬರುತ್ತದೆ. ಹಣ ಎಟಿಎಂನಿಂದ ಹೊರಬಿದ್ದರೆ ಅಥವಾ ಕ್ರಿಪ್ಟೊ ಆಗಿ ದೇಶ ದಾಟಿದರೆ ಓಟ ಮುಗಿಯಿತು. ಮೊದಲ ಗಂಟೆಗೆ ‘ಗೋಲ್ಡನ್ ಅವರ್’ ಎಂದು ಪೊಲೀಸರು ಹೇಳುವುದು ಇದಕ್ಕೇ.

ಈ ಏರ್ಪಾಡನ್ನು 2021ರಲ್ಲಿ ದೇಶಕ್ಕೆ ಕೊಟ್ಟದ್ದು ಗೃಹ ಸಚಿವಾಲಯದ ಅಡಿಯ ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರ. ಅಧಿಕಾರಿಗಳ ಬಾಯಲ್ಲಿ ಅದು ಐ4ಸಿ. ಮೊದಲಿದ್ದ ನಂಬರ್ 155260. ಅಷ್ಟುದ್ದದ್ದು ಯಾರ ನೆನಪಿನಲ್ಲೂ ನಿಲ್ಲದು, 1930 ಆದದ್ದು ಒಳ್ಳೆಯದೇ ಆಯಿತು. 2024ರ ಸೆಪ್ಟೆಂಬರಿನಲ್ಲಿ ಐ4ಸಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬ್ಯಾಂಕು, ಪಾವತಿ ಕಂಪೆನಿ, ಟೆಲಿಕಾಂ ಕಂಪೆನಿಗಳ ಪ್ರತಿನಿಧಿಗಳನ್ನೂ ಪೊಲೀಸರನ್ನೂ ಒಂದೇ ಕೋಣೆಯಲ್ಲಿ ಕೂರಿಸುವ ಕೇಂದ್ರವನ್ನು ತೆರೆಯಿತು. ನನ್ನ ಮಟ್ಟಿಗೆ ಈ ಕತೆಯಲ್ಲಿ ಅತಿ ಮುಖ್ಯವಾದ ತಂತ್ರಜ್ಞಾನ ಈ ಕೋಣೆಯೇ. ಮೊದಲು ಠಾಣೆಯಿಂದ ಬ್ಯಾಂಕಿಗೆ ಇಮೇಲ್, ಬ್ಯಾಂಕಿನ ಕಾನೂನು ವಿಭಾಗದಿಂದ ಮರುಪ್ರಶ್ನೆ, ಶನಿವಾರ ರಜೆ, ಸೋಮವಾರ ಉತ್ತರ ಹೀಗೆ ನಡೆಯುತ್ತಿದ್ದದ್ದು ಈಗ ಪಕ್ಕದ ಕುರ್ಚಿಯವನಿಗೆ ಹೇಳಿದರೆ ಆಗುತ್ತದೆ. 2025ರ ಮಧ್ಯದ ಹೊತ್ತಿಗೆ ಈ ವ್ಯವಸ್ಥೆಯಿಂದ 5,489 ಕೋಟಿ ರೂಪಾಯಿ ಉಳಿದಿದೆ ಎಂದು ಸರಕಾರ ಹೇಳಿದೆ. ಒಂದು ವರ್ಷದಲ್ಲಿ ಹೋದದ್ದರ ಪಕ್ಕ ಇಟ್ಟರೆ ಸಣ್ಣದು, ಏನೂ ಇಲ್ಲದ್ದಕ್ಕಿಂತ ಬಹಳ ದೊಡ್ಡದು.

ಹಣಕ್ಕಿಲ್ಲದ ಗಡಿ ಮನುಷ್ಯನಿಗಿದೆ. 2020ರ ಮಾರ್ಚಿನಲ್ಲಿ ಕೊರೋನಾ ಹೆಸರಿನಲ್ಲಿ ಕರ್ನಾಟಕ ಗಡಿ ಮುಚ್ಚಿ ಒಳದಾರಿಗಳಿಗೆ ಮಣ್ಣು ಸುರಿದದ್ದು ಮಂಜೇಶ್ವರದವರು ಮರೆಯುವ ಹಾಗಿಲ್ಲ. ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ರೋಗಿಗಳು ಸತ್ತರು, ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಎರಡು ರಾಜ್ಯಗಳು ಮುನಿಸಿಕೊಂಡರೆ ಹೊಸಂಗಡಿಯ ಮನುಷ್ಯ ನಿಂತಲ್ಲೇ ನಿಲ್ಲುತ್ತಾನೆ. ಆ ವಾರಗಳಲ್ಲಿ ಕೂಡ ಇದೇ ಊರಿನ ಫೋನಿನಿಂದ ಮಂಗಳೂರಿನ ಖಾತೆಗೆ ಹಣ ಒಂದು ಕ್ಷಣದಲ್ಲಿ ಹೋಗುತ್ತಿತ್ತು. ಗಡಿಯನ್ನು ಕಾಯುವ ಅಧಿಕಾರ ಸರಕಾರದ್ದು. ಗಡಿಯನ್ನು ಲೆಕ್ಕಕ್ಕೇ ಇಡದ ಜಾಲ ಕಂಪೆನಿಗಳದ್ದು. ಸಹಕಾರದ ಪ್ರಶ್ನೆ ಏಳುವುದೇ ಇಲ್ಲಿ.

ಯಾರಿಗೆ ಏನು ಗೊತ್ತು ಎಂದು ನೋಡಿ. ಯಾವ ಫೋನು ಯಾವ ಹೊತ್ತಿಗೆ ಯಾವ ಟವರಿನಲ್ಲಿತ್ತೆಂದು ಟೆಲಿಕಾಂ ಕಂಪೆನಿಗೆ ಗೊತ್ತು. ಹೊಸಂಗಡಿಯಂಥ ಕಡೆ ಒಂದೇ ಮನೆಯ ಚಾವಡಿಯಲ್ಲಿ ಕೇರಳದ ಟವರು, ಹಿತ್ತಲಲ್ಲಿ ಕರ್ನಾಟಕದ ಟವರು ಸಿಕ್ಕಿದರೂ ಆಶ್ಚರ್ಯವಿಲ್ಲ, ದಾಖಲೆ ಬೇರೆ ಬೇರೆ ವಲಯದ ಕಚೇರಿಯಲ್ಲಿ. ಹಣ ಯಾರಿಗೆ ಹೋಯಿತೆಂದು ಬ್ಯಾಂಕಿಗೂ ಪಾವತಿ ಆ್ಯಪಿಗೂ ಗೊತ್ತು. ಕರೆ ಬಂದ ವಾಟ್ಸ್‌ಆ್ಯಪ್ ಖಾತೆ ಯಾವ ಇಂಟರ್ನೆಟ್ ವಿಳಾಸದಿಂದ ನಡೆಯುತ್ತಿತ್ತೆಂದು ಮೆಟಾ ಕಂಪೆನಿಗೆ ಗೊತ್ತು. ಮಾತಿನ ಒಳಗುಟ್ಟು ಮಾತ್ರ ಗೂಢಲಿಪಿಯಲ್ಲಿರುವುದರಿಂದ ಅದಕ್ಕೂ ಗೊತ್ತಿಲ್ಲ. ಠಾಣೆಯ ಸಬ್ ಇನ್‌ಸ್ಪೆಕ್ಟರಿಗೆ ಇದ್ಯಾವುದೂ ಗೊತ್ತಿಲ್ಲ, ಅವರು ಕೇಳಬೇಕು. 2021ರ ಐಟಿ ನಿಯಮಗಳ ಪ್ರಕಾರ ಕಾನೂನುಬದ್ಧ ಆದೇಶ ಬಂದ 72 ಗಂಟೆಯೊಳಗೆ ಕಂಪೆನಿ ಮಾಹಿತಿ ಕೊಡಬೇಕು, 50 ಲಕ್ಷಕ್ಕೂ ಹೆಚ್ಚು ಬಳಕೆದಾರರಿರುವ ಜಾಲತಾಣಗಳು ಪೊಲೀಸರ ಜೊತೆ ಹಗಲಿರುಳು ಸಂಪರ್ಕದಲ್ಲಿರುವ ಅಧಿಕಾರಿಯನ್ನು ಭಾರತದಲ್ಲೇ ಇಡಬೇಕು. ಹಣ ಐದು ನಿಮಿಷದಲ್ಲಿ ಓಡುವಾಗ 72 ಗಂಟೆ ಯಾವ ಲೆಕ್ಕ? ಮಾಹಿತಿ ಅಮೆರಿಕದ ಸರ್ವರಿನಲ್ಲಿದ್ದು ಎರಡು ದೇಶಗಳ ಒಪ್ಪಂದದ ದಾರಿಯಲ್ಲೇ ಬರಬೇಕಾದರೆ ತಿಂಗಳುಗಳು. ಇತ್ತ ಕರೆ ಮಾಡಿದವನು ಕಾಂಬೋಡಿಯಾದಲ್ಲೋ ಮ್ಯಾನ್ಮಾರಿನ ಮ್ಯಾವಡ್ಡಿಯಲ್ಲೋ ಇದ್ದಾನೆ. ಅವನೂ ಒಂದೊಂದು ಸಲ ಕೆಲಸದ ಆಸೆಗೆ ಹೋಗಿ ಸಿಕ್ಕಿಬಿದ್ದ ಭಾರತೀಯನೇ. 2025ರಲ್ಲಿ ಅಂಥ ನೂರಾರು ಮಂದಿಯನ್ನು ವಿಮಾನದಲ್ಲಿ ಕರೆತರಬೇಕಾಯಿತು.

ಹಾಗಾಗಿ ಈಗ ಕೈ ಹಾಕುತ್ತಿರುವುದು ಈ ತುದಿಯಲ್ಲಿ, ಅಂದರೆ ಖಾತೆಗಳಿಗೆ. ಕಳ್ಳನಿಗೆ ತನ್ನ ಹೆಸರಿನ ಖಾತೆ ಬೇಡ, ಬೇರೆಯವರದ್ದು ಬೇಕು. ಇದನ್ನು ಬ್ಯಾಂಕಿನವರು ಮ್ಯೂಲ್ ಅಕೌಂಟ್ ಎನ್ನುತ್ತಾರೆ, ಬಾಡಿಗೆ ಖಾತೆ ಎಂದರೆ ಎಲ್ಲರಿಗೂ ತಿಳಿಯುತ್ತದೆ. 2025ರ ಜೂನಿನಲ್ಲಿ ಸಿಬಿಐ ಹೇಳಿದ ಪ್ರಕಾರ 700ಕ್ಕೂ ಹೆಚ್ಚು ಬ್ಯಾಂಕ್ ಶಾಖೆಗಳಲ್ಲಿ ಇಂಥ ಎಂಟೂವರೆ ಲಕ್ಷ ಖಾತೆಗಳಿದ್ದವು. ಒಂದೊಂದು ಶಾಖೆಗೆ ಸಾವಿರಕ್ಕಿಂತ ಹೆಚ್ಚು. ನಮ್ಮ ನಿಮ್ಮ ಕೆವೈಸಿಗೆ ಮೂರು ಸಲ ಆಧಾರ್ ಪ್ರತಿ ಕೇಳುವ ಬ್ಯಾಂಕುಗಳಲ್ಲಿ ಇದು ಯಾರಿಗೂ ಕಾಣದೆ ಆಯಿತೆಂದು ನಂಬುವುದು ಕಷ್ಟ. ಕೇರಳ ಪೊಲೀಸರು 2025ರ ಅಕ್ಟೋಬರಿನಲ್ಲಿ ‘ಆಪರೇಷನ್ ಸೈ-ಹಂಟ್’ ಎಂದು ರಾಜ್ಯವಿಡೀ ದಾಳಿ ಮಾಡಿ ಹಿಡಿದದ್ದು ಮುಖ್ಯವಾಗಿ ಇಂಥ ಖಾತೆ ಕೊಟ್ಟವರನ್ನು, ಚೆಕ್ಕಿನಲ್ಲಿ ಎಟಿಎಂನಲ್ಲಿ ಹಣ ತೆಗೆದುಕೊಟ್ಟವರನ್ನು. ಕೆಲವು ಸಾವಿರ ರೂಪಾಯಿಗೆ ಎಟಿಎಂ ಕಾರ್ಡು, ಸಿಮ್ಮು ಕೊಟ್ಟ ಕಾಲೇಜು ಹುಡುಗರು ಬೇರೆ ರಾಜ್ಯದ ಎಫ್ಐಆರಿನಲ್ಲಿ ಆರೋಪಿಗಳಾಗುತ್ತಿದ್ದಾರೆ. ತಂದೆ ತಾಯಿಗೆ ಸುದ್ದಿ ಗೊತ್ತಾಗುವುದು ಪೊಲೀಸ್ ಜೀಪು ಬಂದಾಗ.

ಯಂತ್ರವೂ ಬಂದಿದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ತಯಾರಿಸಿದ ‘ಮ್ಯೂಲ್‌ಹಂಟರ್’ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಖಾತೆಯ ನಡವಳಿಕೆ ನೋಡಿ ಇದು ಬಾಡಿಗೆಯದ್ದೋ ಎಂದು ಊಹಿಸುವುದು ಅದರ ಕೆಲಸ. ತಿಂಗಳುಗಟ್ಟಲೆ ನಿದ್ದೆ ಮಾಡುತ್ತಿದ್ದ ಖಾತೆಗೆ ಒಂದೇ ದಿನ ಹತ್ತು ಕಡೆಯಿಂದ ಹಣ ಬಂದು ಗಂಟೆಯೊಳಗೆ ಖಾಲಿಯಾದರೆ ಯಾರಿಗಾದರೂ ಅನುಮಾನ ಬರಬೇಕಲ್ಲ. ದೂರಸಂಪರ್ಕ ಇಲಾಖೆ 2025ರ ಮೇಯಲ್ಲಿ ಫೋನ್ ನಂಬರುಗಳಿಗೇ ಅಪಾಯದ ಅಂಕ ಕೊಡುವ ಏರ್ಪಾಡು ತಂದಿತು. ಅನುಮಾನದ ನಂಬರಿಗೆ ಹಣ ಕಳಿಸಲು ಹೋದರೆ ಆ್ಯಪೇ ತಡೆಯುತ್ತದೆ. ಬೆಂಗಳೂರಿನ ಫೋನ್‌ಪೇ ಇದನ್ನು ಮೊದಲು ಅಳವಡಿಸಿಕೊಂಡವರಲ್ಲಿ ಒಂದು.

ಪೊಲೀಸರು ಕಂಪೆನಿಗಳ ಜೊತೆ ಕೂರುವುದು ನಮ್ಮ ಎರಡೂ ರಾಜ್ಯಗಳಿಗೆ ಹೊಸತಲ್ಲ. ದೇಶದ ಮೊದಲ ಸೈಬರ್ ಠಾಣೆ 2001ರಲ್ಲಿ ಆದದ್ದು ಬೆಂಗಳೂರಿನಲ್ಲಿ. ಅಲ್ಲಿನ ಸಿಐಡಿ ಕಚೇರಿಯಲ್ಲಿ ಇನ್ಫೋಸಿಸ್ ಫೌಂಡೇಶನ್ನಿನ ಹಣದಿಂದ ಸೈಬರ್ ತನಿಖೆಯ ತರಬೇತಿ ಕೇಂದ್ರ ನಡೆಯುತ್ತಿದೆ. 2018ರಲ್ಲಿ ಒಪ್ಪಂದವಾದಾಗ ಅದಕ್ಕೆ ಇಟ್ಟ ಮೊತ್ತ 22 ಕೋಟಿ. ಪೊಲೀಸರ ಜೊತೆಗೆ ಸರಕಾರಿ ವಕೀಲರು, ನ್ಯಾಯಾಧೀಶರೂ ಅಲ್ಲಿ ಕಲಿತಿದ್ದಾರೆ. ಕೇರಳ 2016ರಲ್ಲಿ ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ‘ಸೈಬರ್‌ಡೋಮ್’ ಕಟ್ಟಿತು. ಕಂಪೆನಿಗಳ ಪರಿಣತರು, ಹ್ಯಾಕಿಂಗ್ ಬಲ್ಲ ಹುಡುಗರು ಸಂಜೆ ಹೊತ್ತು ಬಂದು ಪೊಲೀಸರ ಜೊತೆ ಕೈಜೋಡಿಸುವ ಜಾಗ. ಕೇಂದ್ರದ ಮಟ್ಟದಲ್ಲಿ 2023ರ ಅಕ್ಟೋಬರಿನ ‘ಆಪರೇಷನ್ ಚಕ್ರ-2’ರಲ್ಲಿ ಸಿಬಿಐ 76 ಕಡೆ ಶೋಧ ನಡೆಸಿದ್ದಕ್ಕೆ ಮೈಕ್ರೋಸಾಫ್ಟ್, ಅಮೆಜಾನ್ ಕಂಪೆನಿಗಳು ಕೊಟ್ಟ ದೂರು, ದಾಖಲೆಗಳೂ ಆಧಾರವಾಗಿದ್ದವು. ಆ ಕಂಪೆನಿಗಳ ಹೆಸರಿನಲ್ಲಿ ಕಾಲ್ ಸೆಂಟರ್ ನಡೆಸಿ ವಿದೇಶೀಯರನ್ನು ವಂಚಿಸುತ್ತಿದ್ದವರೂ ಆ ದಾಳಿಯ ಗುರಿಯಾಗಿದ್ದರು.

ಇಲ್ಲಿ ಒಂದು ಕಸಿವಿಸಿ ಇದೆ. ತರಬೇತಿಗೆ ಹಣ ಕೊಡುವವರು, ದೂರು ಕೊಡುವವರು, ಸಾಕ್ಷ್ಯ ಇಟ್ಟುಕೊಂಡಿರುವವರು, ನಾಳೆ ಮಾಹಿತಿ ಸೋರಿಸಿದ್ದಕ್ಕೆ ಆರೋಪಿಯಾಗಬಹುದಾದವರು ಎಲ್ಲ ಒಂದೇ ಕುಲದವರು. ದೊಡ್ಡ ಕಂಪೆನಿ ಕೊಟ್ಟ ದೂರಿಗೆ ಶೋಧ ನಡೆದ ವೇಗದಲ್ಲಿ ನಮ್ಮ ವರ್ಕಾಡಿಯ ಅಡಿಕೆ ಬೆಳೆಗಾರರ ದೂರಿಗೂ ಶೋಧ ನಡೆಯುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಸಹಕಾರ ಯಾವಾಗ ಬಲವಂತವಾಗುತ್ತದೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಐ4ಸಿಯ ‘ಸಹಯೋಗ್’ ಪೋರ್ಟಲ್ ಮೂಲಕ ಅಧಿಕಾರಿಗಳು ಜಾಲತಾಣಗಳಿಗೆ ಇಂಥ ಬರಹ ತೆಗೆಯಿರಿ ಎಂದು ಸೂಚನೆ ಕೊಡುತ್ತಾರೆ. ಇದನ್ನು ಎಕ್ಸ್ ಕಂಪೆನಿ ಪ್ರಶ್ನಿಸಿದ್ದು ಕರ್ನಾಟಕ ಹೈಕೋರ್ಟಿನಲ್ಲಿ. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿಯನ್ನು ವಜಾ ಮಾಡಿದರು. ವಂಚಕರ ಜಾಹೀರಾತು ತೆಗೆಸಲು ಆ ಪೋರ್ಟಲ್ ಬೇಕೇ ಬೇಕು. ಅದೇ ದಾರಿಯಲ್ಲಿ ಸರಕಾರಕ್ಕೆ ಸಿಟ್ಟು ಬರಿಸಿದ ವ್ಯಂಗ್ಯಚಿತ್ರವೂ ಮಾಯವಾದರೆ ಯಾರನ್ನು ಕೇಳುವುದು? ಅದೇ ವರ್ಷದ ಡಿಸೆಂಬರಿನಲ್ಲಿ ಇನ್ನೊಂದು ನಡೆಯಿತು. ಹೊಸ ಫೋನುಗಳಲ್ಲೆಲ್ಲ ‘ಸಂಚಾರ್ ಸಾಥಿ’ ಆ್ಯಪನ್ನು ಮೊದಲೇ ಹಾಕಿರಬೇಕೆಂಬ ದೂರಸಂಪರ್ಕ ಇಲಾಖೆಯ ಆದೇಶ ಹೊರಬಿದ್ದು ಗದ್ದಲವಾಗಿ, ಎರಡು ಮೂರು ದಿನದಲ್ಲೇ ಸರಕಾರ ಅದನ್ನು ಹಿಂಪಡೆಯಿತು. ಆ ಆ್ಯಪ್ ಕೆಟ್ಟದ್ದಲ್ಲ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಎಂದು ನೋಡಲು, ಕಳೆದ ಫೋನನ್ನು ನಿಷ್ಕ್ರಿಯ ಮಾಡಲು ನಾನೇ ಹಲವರಿಗೆ ಹೇಳಿದ್ದೇನೆ. ಬೇಕಾದವರು ಹಾಕಿಕೊಳ್ಳುವುದು ಬೇರೆ, ಬೇಡವೆಂದರೂ ಇರುವುದು ಬೇರೆ.

ಇಷ್ಟಾದ ಮೇಲೆ ನಮ್ಮ ಪೇಟೆಗೆ ಬರೋಣ. ಹೊಸಂಗಡಿಯಲ್ಲಿ ಒಂದು ತರಕಾರಿ ಅಂಗಡಿ ಎಂದು ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಹೋಗುವವನೊಬ್ಬ ಇಳಿದು 340 ರೂಪಾಯಿಯ ತರಕಾರಿ ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡಿ ಹೋಗುತ್ತಾನೆ. ಅವನ ಖಾತೆಗೆ ಅಂದು ಬೆಳಿಗ್ಗೆ ಗುಜರಾತಿನ ಯಾರದ್ದೋ ಕದ್ದ ಹಣ ಬಂದಿತ್ತು. ಟಿಕೆಟು ಓಡುತ್ತಾ ಓಡುತ್ತಾ ಆ 340 ರೂಪಾಯಿಯ ಹಿಂದೆ ತರಕಾರಿ ಅಂಗಡಿಯ ಖಾತೆಗೂ ಬರುತ್ತದೆ. ಮರುದಿನ ಮಂಗಳೂರಿನ ಸಗಟು ವ್ಯಾಪಾರಿಗೆ ಹಣ ಕಳಿಸಲು ಹೋದರೆ ಹೋಗುವುದಿಲ್ಲ. ಖಾತೆ ಫ್ರೀಜ್. ಬ್ಯಾಂಕಿಗೆ ಹೋದರೆ, ಪೊಲೀಸರ ಆದೇಶ, ನಮ್ಮ ಕೈಯಲ್ಲಿಲ್ಲ ಎನ್ನುತ್ತಾರೆ. ಯಾವ ಪೊಲೀಸರು? ಗುಜರಾತಿನ ಒಂದು ಸೈಬರ್ ಠಾಣೆ. ಅಲ್ಲಿಗೆ ಫೋನು ಮಾಡಿದರೆ ಹಿಂದಿ, ಗುಜರಾತಿ. ಮಂಜೇಶ್ವರ ಠಾಣೆಯವರಿಗೆ ಈ ವಿಷಯವೇ ಗೊತ್ತಿಲ್ಲ, ಗೊತ್ತಾದರೂ ಬಿಡಿಸುವ ಅಧಿಕಾರವಿಲ್ಲ. 1930ಕ್ಕೆ ಕರೆ ಮಾಡಿದರೆ ಅದು ಹಣ ಕಳೆದುಕೊಂಡವರ ನಂಬರು, ಖಾತೆ ಕಳೆದುಕೊಂಡವರದ್ದಲ್ಲ.

ಇದು ಬರೀ ಕಲ್ಪನೆಯಲ್ಲ. 2023ರಲ್ಲಿ ಕೇರಳದಲ್ಲಿ ಹೋಟೆಲು, ಬೇಕರಿ, ಚಿಲ್ಲರೆ ಅಂಗಡಿಗಳ ಖಾತೆಗಳು ಹೀಗೇ ಸಾಲು ಸಾಲಾಗಿ ನಿಂತು ಗಲಾಟೆಯಾಗಿತ್ತು. ಹೈಕೋರ್ಟಿಗೆ ಹೋದವರ ಅರ್ಜಿಗಳ ಮೇಲೆ ಕೇರಳ ಹೈಕೋರ್ಟ್ ಅದೇ ವರ್ಷ ಒಂದು ವಿವೇಕದ ಮಾತು ಹೇಳಿತು: ಪೊಲೀಸರು ಹೆಸರಿಸಿದ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದ ಖಾತೆ ನಡೆಯಲಿ. 340 ರೂಪಾಯಿಗೆ ಅನುಮಾನವಿದ್ದರೆ 340 ರೂಪಾಯಿ ಹಿಡಿದಿಟ್ಟುಕೊಳ್ಳಿ. ಆದರೆ ಆ ಹೈಕೋರ್ಟು ಇರುವುದು ಎರ್ನಾಕುಳದಲ್ಲಿ, ಹೊಸಂಗಡಿಯವರಿಗೆ ರೈಲಿನಲ್ಲಿ ಒಂದು ರಾತ್ರಿಯ ದಾರಿ. 340 ರೂಪಾಯಿಗೆ ವಕೀಲರನ್ನು ಹಿಡಿಯುವವರು ಯಾರು?

ಹಿಡಿಯುವ ಕೆಲಸಕ್ಕೆ ಕೋಣೆ ಕಟ್ಟಿ, ಬ್ಯಾಂಕಿನವರನ್ನೂ ಪೊಲೀಸರನ್ನೂ ಪಕ್ಕಪಕ್ಕ ಕೂರಿಸಿ, ರಾಜ್ಯಗಳ ಗಡಿ ದಾಟಿ ನಿಮಿಷದಲ್ಲಿ ಮುಗಿಯುವ ಹಾಗೆ ಮಾಡಿದರು. ಬಿಡುವ ಕೆಲಸ ಬಂದಾಗ ಮಾತ್ರ ಹಳೆಯ ಗಡಿಗಳೆಲ್ಲ ಎದ್ದು ನಿಲ್ಲುತ್ತವೆ: ಠಾಣೆಯ ವ್ಯಾಪ್ತಿ, ಕೋರ್ಟಿನ ವ್ಯಾಪ್ತಿ, ಭಾಷೆ. ಮೋಸ ಹೋದವರಿಗೂ ಇದೇ ಗತಿ. 2025ರ ತನಕ ತಡೆಹಿಡಿದ ತಮ್ಮದೇ ಹಣ ವಾಪಸು ಬರಬೇಕಾದರೆ ಅವರೂ ಹೆಚ್ಚಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಅಡಿ ಕೋರ್ಟಿಗೆ ಅರ್ಜಿ ಹಾಕಿ ಕಾಯಬೇಕಾಗುತ್ತಿತ್ತು. ಐ4ಸಿಯ ಆ ದೆಹಲಿಯ ಕೋಣೆಯಲ್ಲಿ ಬಿಡಿಸುವುದಕ್ಕೆಂದೇ ಒಂದು ಕುರ್ಚಿ ಇಟ್ಟರೆ ಸಾಕಿತ್ತು. ಸಾವಿರ ರೂಪಾಯಿಯೊಳಗಿನ, ವ್ಯಾಪಾರಿಗಳ ಖಾತೆಗೆ ಬಂದ ಮೊತ್ತಗಳನ್ನು ಬಿಲ್ಲು ನೋಡಿ ಅಲ್ಲೇ ಇತ್ಯರ್ಥ ಮಾಡಬಹುದು. ಬ್ಯಾಂಕುಗಳೂ ಇದನ್ನು ಕೇಳಬೇಕಿತ್ತು, ಗಿರಾಕಿ ಅವರವನಲ್ಲವೇ? ಆದೇಶ ಪಾಲಿಸಿದರೆ ಬ್ಯಾಂಕಿಗೆ ತೊಂದರೆಯಿಲ್ಲ, ಪಾಲಿಸದಿದ್ದರೆ ತೊಂದರೆ. ಅದರಿಂದಲೇ 340ಕ್ಕೆ ಹೇಳಿದರೆ ಇಡೀ ಖಾತೆಗೇ ಬೀಗ.

ಭಾಷೆಯ ತೊಡಕನ್ನು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಓದಿದ್ದು ಕನ್ನಡ, ಠಾಣೆಯಲ್ಲಿ ಮಲಯಾಳಂ, ವಂಚಕನ ಜೊತೆ ಮುರುಕು ಹಿಂದಿ. ಗಾಬರಿಯ ಹೊತ್ತಿನಲ್ಲಿ ಮನುಷ್ಯನಿಗೆ ಬರುವುದು ಮನೆಮಾತೊಂದೇ. ಮಂಜೇಶ್ವರ ತಾಲೂಕಿನಿಂದ 1930ಕ್ಕೆ ಹೋಗುವ ಕರೆಗಳಿಗೆ ಕನ್ನಡ ತುಳು ಬಲ್ಲ ಒಬ್ಬರಾದರೂ ಇರಲಿ ಎಂದು ಕೇಳುವುದು ಭಾಷಾಭಿಮಾನದ ಬೇಡಿಕೆಯಲ್ಲ. ಮೊದಲ ಗಂಟೆಯ ಹತ್ತು ನಿಮಿಷ ಉಳಿಸುವ ವಿಷಯ.

ಅದೆಲ್ಲ ಆಗುವ ತನಕ ವ್ಯಾಪಾರಿಗಳು ಮಾಡಬಹುದಾದದ್ದು ಇಷ್ಟು. ಕ್ಯೂಆರ್‌ಗೆ ಬೇರೆ ಖಾತೆ, ಮನೆ ಖರ್ಚಿಗೂ ಸಾಲದ ಕಂತಿಗೂ ಬೇರೆ ಖಾತೆ ಇಡಿ. ಒಂದು ನಿಂತರೆ ಇನ್ನೊಂದು ನಡೆಯುತ್ತದೆ. ಗುರುತಿಲ್ಲದವರು ‘ನಿಮಗೆ ಗೂಗಲ್‌ಪೇ ಮಾಡುತ್ತೇನೆ, ನಗದು ಕೊಡಿ’ ಎಂದರೆ ಕೊಡಬೇಡಿ. ಖಾತೆ ನಿಂತರೆ ಬ್ಯಾಂಕಿಗೆ ಹೋಗಿ ಯಾವ ರಾಜ್ಯದ ಯಾವ ಠಾಣೆ, ದೂರಿನ ನಂಬರ್ ಎಷ್ಟು, ಅನುಮಾನದ ಮೊತ್ತ ಎಷ್ಟು ಎಂದು ಬರಹದಲ್ಲೇ ಕೇಳಿ. ಅಷ್ಟು ಮೊತ್ತ ಬಿಟ್ಟು ಉಳಿದದ್ದನ್ನು ತೆರೆಯಿರಿ ಎಂದು 2023ರ ಹೈಕೋರ್ಟ್ ತೀರ್ಪಿನ ಹೆಸರು ಹೇಳಿ ಅರ್ಜಿ ಕೊಡಿ, ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಆ ದಿನದ ಮಾರಾಟದ ಬಿಲ್ಲನ್ನೂ ಅಂಗಡಿಯ ಕ್ಯಾಮರಾದ ದೃಶ್ಯವನ್ನೂ ತೆಗೆದಿಡಿ. ಹೆಚ್ಚಿನ ಅಂಗಡಿಗಳ ಕ್ಯಾಮರಾ ಕೆಲವೇ ದಿನ ಕಳೆದರೆ ಹಳೆಯದರ ಮೇಲೆ ಹೊಸತನ್ನು ಬರೆದುಬಿಡುತ್ತದೆ, ಗುಜರಾತಿನಿಂದ ಉತ್ತರ ಬರುವುದು ಅದಕ್ಕಿಂತ ತಡವಾಗಿ.